ನಮ್ಮ ಸೀಮೆಯ ಬೆಟ್ಟವೂ ಕಲ್ಲೂ ಕಲಿಸುವ ಪಾಠ

ಲೋಕಚರಿತ್ರೆಯ ಪಾಠದಲ್ಲಿ ದಕ್ಷಿಣ ಅಮೆರಿಕದ ಇಂಕಾ ಜನರ ಪ್ರಸ್ತಾಪವು ಬಂದಾಗ ನಮ್ಮ ತರಗತಿಗಳಲ್ಲಿ ಕುತೂಹಲವು ಹೆಚ್ಚುವುದನ್ನು ನಾವು ಪ್ರತಿವರ್ಷವೂ ಕಾಣುತ್ತಿರುವೆವು. ಮುಗಿಲುಗಳ ನಡುವೆ ನಿಂತ ಪಟ್ಟಣ, ಗಾರೆಯಿಲ್ಲದೆ ಕಟ್ಟಿದ ಗೋಡೆಗಳು, ಬೆಟ್ಟದ ಓರೆಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಹೊಲಗಳು, ಇವುಗಳ ಚಿತ್ರಗಳನ್ನು ನೋಡಿದ ಬಾಲಕಿಯರು, "ಇಂಥದನ್ನು ನಾವು ಎಂದಾದರೂ ಕಣ್ಣಾರೆ ನೋಡುವೆವೇ?" ಎಂದು ಕೇಳುವರು. ಪ್ರಶ್ನೆಯು ಯೋಗ್ಯವಾದುದೇ. ಆದರೆ ಹಾಗೆ ಕೇಳುವವರಲ್ಲಿ ಎಷ್ಟೋ ಮಂದಿ ಕಡೂರು, ತರೀಕೆರೆ, ಅಜ್ಜಂಪುರಗಳಲ್ಲಿ ಹುಟ್ಟಿ ಬೆಳೆದು, ದಿನ ಬೆಳಗಾದರೆ ದೂರದಲ್ಲಿ ನೀಲಿಯಾಗಿ ತೋರುವ ಬೆಟ್ಟದ ಸಾಲನ್ನು ಕಾಣುತ್ತಿದ್ದರೂ, ಒಮ್ಮೆಯಾದರೂ ಅದನ್ನು ಹತ್ತಿದವರಲ್ಲ. ಅಮೃತಾಪುರದ ಹೆಸರನ್ನು ಪಠ್ಯಪುಸ್ತಕದಲ್ಲಿ ಓದಿರುವರು. ಅಲ್ಲಿನ ಕಂಬವೊಂದನ್ನು ಹತ್ತಿರ ನಿಂತು ನೋಡಿದವರಲ್ಲ.

ಆದುದರಿಂದ ಈ ಸಂಚಿಕೆಯನ್ನು ಓದುವ ತಂದೆತಾಯಿಗಳಿಗೂ, ಈಗ ತಾವೇ ತಾಯಂದಿರಾಗಿರುವ ನಮ್ಮ ಹಳೆಯ ವಿದ್ಯಾರ್ಥಿನಿಯರಿಗೂ ಒಂದು ಪಾಠವನ್ನು ಬರೆಯಬೇಕೆಂದು ನಮಗೆ ತೋರಿತು. ದೂರದ ಪರ್ವತಗಳಲ್ಲಿ ಯಾತ್ರಿಕರು ಹುಡುಕುವ ಪ್ರಾಚೀನ ವೈಭವವೂ ಪ್ರಕೃತಿಯ ಅದ್ಭುತವೂ ನಮ್ಮ ಸೀಮೆಯಲ್ಲಿಯೇ ಇರುವುವು. ನೋಡುವ ಕ್ರಮವನ್ನು ಕಲಿತರೆ ಸಾಕು. ಆ ಕ್ರಮವು ಎಂತಹದೆಂಬುದನ್ನು ತೋರಿಸುವುದೇ ಈ ಲೇಖನದ ಉದ್ದೇಶ.

ಮೊದಲು ಇಂಕಾ ಜನರ ವಿಷಯವನ್ನು ಸಂಕ್ಷೇಪವಾಗಿ ಹೇಳುವೆವು. ಪೆರು ದೇಶದ ಆಂಡಿಸ್ ಪರ್ವತಗಳಲ್ಲಿ, ಸಮುದ್ರಮಟ್ಟದಿಂದ ಸುಮಾರು ೨,೪೩೦ ಮೀಟರು ಎತ್ತರದಲ್ಲಿ, ಮಾಚು ಪಿಚು ಎಂಬ ಪಟ್ಟಣದ ಅವಶೇಷಗಳಿವೆ. ಹದಿನೈದನೆಯ ಶತಮಾನದ ನಡುಗಾಲದಲ್ಲಿ ಇದನ್ನು ಕಟ್ಟಿದರು. ೧೯೧೧ರಲ್ಲಿ ಹೈರಮ್ ಬಿಂಗ್‌ಹ್ಯಾಮ್ ಎಂಬ ಅಮೆರಿಕದ ಪಂಡಿತನು ಅಲ್ಲಿಗೆ ಹೋಗಿಬಂದು ಬರೆದ ಮೇಲೆ ಅದು ಲೋಕಪ್ರಸಿದ್ಧವಾಯಿತು. ಇಂಕಾ ಜನರಲ್ಲಿ ಕಬ್ಬಿಣದ ಉಪಕರಣಗಳಿರಲಿಲ್ಲ. ಗಾಡಿಯ ಚಕ್ರವೂ ಇರಲಿಲ್ಲ. ಆದರೂ ಕಲ್ಲಿನಿಂದಲೇ ಕಲ್ಲನ್ನು ಕುಟ್ಟಿ, ಉಜ್ಜಿ, ಒಂದಕ್ಕೊಂದು ಬಿಗಿಯಾಗಿ ಕೂಡುವಂತೆ ಜೋಡಿಸಿದರು. ಬೆಟ್ಟದ ಒರತೆಯೊಂದರಿಂದ ಸುಮಾರು ೭೫೦ ಮೀಟರು ಉದ್ದದ ಕಲ್ಲುಗಾಲುವೆಯನ್ನು ತೆಗೆದು, ಪಟ್ಟಣದೊಳಗೆ ೧೬ ಧಾರೆಗಳಲ್ಲಿ ನೀರು ಬೀಳುವಂತೆ ಮಾಡಿದರು. ಇಷ್ಟೆಲ್ಲ ಬಲ್ಲವರಿಗೆ ಅಕ್ಷರಗಳು ಮಾತ್ರ ಇರಲಿಲ್ಲ. ಕೀಪು ಎಂಬ ದಾರಗಳ ಗಂಟುಗಳಲ್ಲಿ ಲೆಕ್ಕವನ್ನಿಡುತ್ತಿದ್ದರು.

ಇಂತಹ ಸ್ಥಳಕ್ಕೆ ಹೋದ ವಿವೇಕಿಯಾದ ಯಾತ್ರಿಕನು ಮೂರು ಪ್ರಶ್ನೆಗಳನ್ನು ಕೇಳುವನು. ಇಲ್ಲಿಗೆ ನೀರು ಎಲ್ಲಿಂದ ಬಂದಿತು? ಈ ಕಲ್ಲು ಯಾವುದು, ಇದನ್ನು ಹೇಗೆ ಪಳಗಿಸಿದರು? ಇದನ್ನು ಮಾಡಿದವರು ಯಾರು, ಅದು ನಮಗೆ ತಿಳಿದುಬಂದುದು ಹೇಗೆ? ಈ ಮೂರು ಪ್ರಶ್ನೆಗಳನ್ನು ಕೈಯಲ್ಲಿ ಹಿಡಿದು ನಮ್ಮ ಬೆಟ್ಟದ ಕಡೆಗೆ ಹೊರಡೋಣ.

ಬೆಟ್ಟವೂ ಮಳೆಯೂ

ನಮ್ಮ ಸೀಮೆಯ ಪರ್ವತಕ್ಕೆ ಚಂದ್ರದ್ರೋಣವೆಂದೂ ಬಾಬಾ ಬುಡನ್ ಗಿರಿಶ್ರೇಣಿಯೆಂದೂ ಹೆಸರು. ಇದು ಕುದುರೆಯ ಲಾಳದಂತೆ, ಅಥವಾ ಬಿದಿಗೆಯ ಚಂದ್ರನಂತೆ ಬಾಗಿ ನಿಂತಿರುವುದು. ಇದರ ಮುಳ್ಳಯ್ಯನ ಗಿರಿಯು ೧,೯೩೦ ಮೀಟರು ಎತ್ತರವಿದ್ದು ಕರ್ನಾಟಕದಲ್ಲೆಲ್ಲ ಅತ್ಯುನ್ನತವಾದ ಶಿಖರವಾಗಿದೆ. ಮಾಚು ಪಿಚುವಿನ ಪಟ್ಟಣವು ಇದಕ್ಕಿಂತಲೂ ಮೇಲಿದೆಯೆಂದು ಕೇಳಿ ಬಾಲಕಿಯರು ಕೊಂಚ ಕುಗ್ಗುವುದುಂಟು. ಆಗ ನಾವು ವಯಸ್ಸಿನ ಲೆಕ್ಕವನ್ನು ಮುಂದಿಡುವೆವು. ಆಂಡಿಸ್ ಪರ್ವತಗಳು ಈಗಿನ ಎತ್ತರಕ್ಕೆ ಏರಿದುದು ಕಳೆದ ಕೆಲವು ಕೋಟಿ ವರ್ಷಗಳಲ್ಲಿ. ನಮ್ಮ ಬೆಟ್ಟದ ಶಿಲೆಗಳಾದರೋ ೨೫೦ ಕೋಟಿ ವರ್ಷಗಳಿಗೂ ಹಿಂದಿನವು. ಭೂವಿಜ್ಞಾನಿಗಳು ಈ ಶಿಲಾಸಮೂಹಕ್ಕೆ ಬಾಬಾ ಬುಡನ್ ಹೆಸರನ್ನೇ ಇಟ್ಟಿರುವರು. ಇದರ ಪದರಗಳಲ್ಲಿ ಕಬ್ಬಿಣದ ಅದಿರು ಹೇರಳವಾಗಿದೆ. ಕೆಮ್ಮಣ್ಣುಗುಂಡಿ ಎಂಬ ಹೆಸರೇ ಮಣ್ಣಿನ ಬಣ್ಣವನ್ನು ಹೇಳುವುದಷ್ಟೆ. ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ ಬಹುಕಾಲ ಇಲ್ಲಿಂದಲೇ ಅದಿರು ಹೋಗುತ್ತಿತ್ತು.

ಮುಂಗಾರಿನ ಮೋಡಗಳು ಪಡುವಣ ಕಡಲಿನಿಂದ ಬಂದು ಈ ಗೋಡೆಗೆ ತಾಗುವುವು. ಬೆಟ್ಟದ ಪಶ್ಚಿಮದಲ್ಲಿ ಮಳೆಯು ಧಾರಾಳವಾಗಿ ಸುರಿದು ಅಡಕೆಯೂ ಕಾಫಿಯೂ ಬೆಳೆಯುವುವು. ಪೂರ್ವದ ಕಡೂರಿನ ಬಯಲಿಗೆ ಉಳಿದ ಹನಿಗಳು ಮಾತ್ರ. ಒಂದೇ ಜಿಲ್ಲೆಯಲ್ಲಿ ಮಲೆನಾಡೂ ಬಯಲುಸೀಮೆಯೂ ಇರುವುದಕ್ಕೆ ಈ ಬೆಟ್ಟವೇ ಕಾರಣ.

ಬೆಟ್ಟದ ನೆತ್ತಿಯ ಮೇಲೆ ಅಕ್ಕಪಕ್ಕದಲ್ಲಿ ಬಿದ್ದ ಎರಡು ಮಳೆಹನಿಗಳನ್ನು ಊಹಿಸಿಕೊಳ್ಳೋಣ. ಒಂದು ಪಶ್ಚಿಮಕ್ಕೆ ಉರುಳಿ, ಹಳ್ಳಗಳ ಮೂಲಕ ಭದ್ರೆಯನ್ನು ಸೇರಿ, ಲಕ್ಕವಳ್ಳಿಯ ಅಣೆಕಟ್ಟನ್ನು ದಾಟಿ, ಕೂಡಲಿಯಲ್ಲಿ ತುಂಗೆಯನ್ನು ಕೂಡುವುದು. ಇನ್ನೊಂದು ಪೂರ್ವಕ್ಕೆ ಇಳಿದು, ವೇದಾ ಅಥವಾ ಅವತೀ ಎಂಬ ಹೊಳೆಯನ್ನು ಸೇರುವುದು. ಈ ಎರಡು ಹೊಳೆಗಳು ಕಡೂರಿನ ಸಮೀಪದಲ್ಲಿ ಒಂದಾಗಿ ವೇದಾವತಿಯೆನಿಸಿ, ೧೯೦೭ರಲ್ಲಿ ಮುಗಿದ ವಾಣೀವಿಲಾಸ ಸಾಗರವನ್ನು ತುಂಬಿ, ಮುಂದೆ ಹಗರಿಯೆಂಬ ಹೆಸರಿನಿಂದ ತುಂಗಭದ್ರೆಯನ್ನೇ ಸೇರುವುದು. ನೆತ್ತಿಯ ಮೇಲೆ ಅಗಲಿದ ಹನಿಗಳು ನೂರಾರು ಕಿಲೋಮೀಟರು ನಡೆದು ಮತ್ತೆ ಕೂಡುವುವು. ನಮ್ಮ ಕಾಲದಲ್ಲಿ ಮನುಷ್ಯನೂ ಇವನ್ನು ಮೊದಲೇ ಕೂಡಿಸಲು ಯತ್ನಿಸಿರುವನು. ಭದ್ರಾ ಮೇಲ್ದಂಡೆ ಯೋಜನೆಯಲ್ಲಿ ಅಜ್ಜಂಪುರದ ಬಳಿ ಸುಮಾರು ೭ ಕಿಲೋಮೀಟರು ಉದ್ದದ ಸುರಂಗವನ್ನು ಕೊರೆದು, ಭದ್ರೆಯ ನೀರನ್ನು ವೇದಾವತಿಯ ಸೀಮೆಗೆ ಹರಿಸಿರುವರು. ಅಜ್ಜಂಪುರದ ಬಾಲಕಿಗೆ ಇದಕ್ಕಿಂತ ಉತ್ತಮವಾದ ಭೂಗೋಳದ ಪಾಠವು ಯಾವ ಪುಸ್ತಕದಲ್ಲಿ ದೊರೆಯುವುದು?

ಪ್ರಕೃತಿಯ ಅದ್ಭುತಗಳು

ತರೀಕೆರೆಯಿಂದ ಲಿಂಗದಹಳ್ಳಿಯ ದಾರಿಯಾಗಿ ಬೆಟ್ಟವನ್ನೇರಿದರೆ ಮೊದಲು ಕಲ್ಲತ್ತಿಗಿರಿಯು ಸಿಗುವುದು. ಇಲ್ಲಿ ನೀರು ಸುಮಾರು ೧೨೦ ಮೀಟರು ಎತ್ತರದಿಂದ ಬಂಡೆಯಿಂದ ಬಂಡೆಗೆ ಇಳಿದು, ವೀರಭದ್ರ ದೇವಾಲಯದ ಎದುರಿಗೇ ಬೀಳುವುದು. ಮುಂದೆ ೧,೪೩೪ ಮೀಟರು ಎತ್ತರದಲ್ಲಿ ಕೆಮ್ಮಣ್ಣುಗುಂಡಿ. ಇದು ಮೈಸೂರಿನ ನಾಲ್ವಡಿ ಕೃಷ್ಣರಾಜ ಒಡೆಯರವರ ಬೇಸಗೆಯ ವಿಶ್ರಾಂತಿಸ್ಥಳವಾಗಿತ್ತು. ಅಲ್ಲಿಂದ ಕಾಡಿನೊಳಗೆ ಇಳಿದರೆ ಹೆಬ್ಬೆಯ ಜಲಪಾತ. ಅದು ದೊಡ್ಡ ಹೆಬ್ಬೆ, ಚಿಕ್ಕ ಹೆಬ್ಬೆ ಎಂದು ಎರಡು ಹಂತಗಳಲ್ಲಿ ೧೬೮ ಮೀಟರು ಧುಮುಕುವುದು.

ಜಲಪಾತಗಳನ್ನು ಎಲ್ಲರೂ ನೋಡುವರು. ಅವುಗಳಿಗೆ ಬೇಸಗೆಯಲ್ಲಿಯೂ ನೀರನ್ನು ಒದಗಿಸುವುದು ಯಾವುದೆಂಬುದನ್ನು ನೋಡುವವರು ಕಡಿಮೆ. ಶಿಖರಗಳ ಮೇಲೆ ಹುಲ್ಲುಗಾವಲು, ಕಣಿವೆಯ ಮಡಿಕೆಗಳಲ್ಲಿ ದಟ್ಟವಾಗಿ ಗುಂಪುಗೂಡಿದ ಶೋಲಾ ಕಾಡು, ಇವೆರಡೂ ಕೂಡಿ ಮಳೆಯ ನೀರನ್ನು ಹೀರಿ ಹಿಡಿದು, ತಿಂಗಳುಗಟ್ಟಲೆ ಸ್ವಲ್ಪ ಸ್ವಲ್ಪವಾಗಿ ಬಿಡುವುವು. ಹುಲ್ಲು ಸುಟ್ಟುಹೋದರೆ ಒರತೆಯು ಬತ್ತುವುದು. ಈ ಹುಲ್ಲಿನ ನಡುವೆಯೇ ಕುರಿಂಜಿಯ ಗಿಡಗಳು ಬೆಳೆದು, ಹನ್ನೆರಡು ವರ್ಷಗಳಿಗೊಮ್ಮೆ ಒಟ್ಟಿಗೆ ಹೂಬಿಟ್ಟು ಬೆಟ್ಟಕ್ಕೆ ನೀಲಿಯ ಬಣ್ಣವನ್ನು ಕೊಡುವುವು. ೨೦೨೨ರಲ್ಲಿ ಹಾಗೆ ಹೂಬಿಟ್ಟಾಗ ಜನರು ಗುಂಪುಗುಂಪಾಗಿ ಹತ್ತಿದರು. ಗಿಡಗಳನ್ನು ಕಿತ್ತೊಯ್ದವರೂ ಇದ್ದರು. ಹೂವು ಬೀಜವಾಗಿ ನೆಲಕ್ಕೆ ಬಿದ್ದರಲ್ಲವೆ ಮುಂದಿನ ಹನ್ನೆರಡು ವರ್ಷಗಳಿಗೆ ಹೂವು!

ಇದೇ ಬೆಟ್ಟದಲ್ಲಿ ಹಿಂದೂಗಳೂ ಮುಸಲ್ಮಾನರೂ ಪೂಜ್ಯವೆಂದು ಭಾವಿಸುವ ಗುಹೆಯೊಂದಿದೆ. ಹದಿನೇಳನೆಯ ಶತಮಾನದಲ್ಲಿ ಬಾಬಾ ಬುಡನ್ ಎಂಬ ಸಾಧುವು ಅರೇಬಿಯದಿಂದ ಏಳು ಕಾಫಿಯ ಬೀಜಗಳನ್ನು ತಂದು ಇಲ್ಲಿ ಬಿತ್ತಿದನೆಂದು ಜನರು ಹೇಳುತ್ತ ಬಂದಿರುವರು. ನಾವು ಬೆಳಗಿನಲ್ಲಿ ಕುಡಿಯುವ ಕಾಫಿಯ ಚರಿತ್ರೆಯು ನಮ್ಮ ಕಣ್ಣೆದುರಿನ ಬೆಟ್ಟದಲ್ಲಿಯೇ ಮೊದಲಾಗುವುದು.

ಪೂರ್ವದ ಇಳಿಜಾರಿಗೆ ಬಂದರೆ ಕೆರೆಗಳ ಸೀಮೆ. ತರೀಕೆರೆಯ ಏರಿಯ ಮೇಲೆ ಮೇಯುವ ಕರಿಯ ಕುರಿಮರಿಗಳ ಮಾತನ್ನು ತಪ್ಪದೆ ಬೇಗಬೇಗನೆ ಹೇಳಲು ನಮ್ಮ ಮಕ್ಕಳೆಲ್ಲರೂ ಯತ್ನಿಸಿರುವರು. ಆ ಏರಿಯನ್ನು ಕಟ್ಟಿದುದು ಏಕೆಂದು ಕೇಳಿದವರು ಎಷ್ಟು ಮಂದಿ? ವೇದಾ ಹೊಳೆಯು ಬೆಟ್ಟದ ಬಾಯಿಂದ ಹೊರಬೀಳುವ ಸ್ಥಳದಲ್ಲಿ, ಸಖರಾಯಪಟ್ಟಣದ ಹತ್ತಿರ, ಶಕುನಗಿರಿಯ ನೆರಳಿನಲ್ಲಿ ಅಯ್ಯನಕೆರೆಯಿದೆ. ರುಕ್ಮಾಂಗದ ರಾಯನು ಇದನ್ನು ಕಟ್ಟಿಸಿದನೆಂದೂ, ಹೊಯ್ಸಳರ ಕಾಲದಲ್ಲಿ, ೧೧೫೬ರಲ್ಲಿ, ಇದರ ಜೀರ್ಣೋದ್ಧಾರವಾಯಿತೆಂದೂ ಹೇಳುವರು. ಅವತೀ ಹೊಳೆಗೆ ಮದಗದ ಕೆರೆಯು ಕಟ್ಟೆಯಾಗಿದೆ. ಇಂಕಾ ಜನರು ಕಡಿದಾದ ಬೆಟ್ಟದಲ್ಲಿ ಒರತೆಗೆ ಕಾಲುವೆಯನ್ನು ತೆಗೆದರು. ನಮ್ಮ ಹಿರಿಯರು ಬೆಟ್ಟವು ಬಯಲಿಗೆ ತೆರೆಯುವ ಬಾಯಿಯನ್ನು ಗುರುತಿಸಿ ಅಲ್ಲಿಯೇ ಏರಿಯನ್ನು ಹಾಕಿದರು. ನೆಲವನ್ನು ನೋಡಿ ಕೆಲಸಮಾಡುವ ಬುದ್ಧಿಯು ಎರಡು ಕಡೆಗಳಲ್ಲಿಯೂ ಒಂದೇ. ಮಾಚು ಪಿಚುವಿನಲ್ಲಿ ಈಗ ವಾಸಿಸುವವರಿಲ್ಲ. ಅಯ್ಯನಕೆರೆಯ ನೀರಿನಲ್ಲಿ ಇಂದಿಗೂ ಬತ್ತವು ಬೆಳೆಯುತ್ತಲಿದೆ.

ಮಳೆ ಕಡಿಮೆಯಾದ ಬಯಲಿನಲ್ಲಿಯೂ ಸೊಬಗಿಲ್ಲದೆ ಇಲ್ಲ. ಅಜ್ಜಂಪುರದ ಅಮೃತಮಹಲ್ ದನಗಳನ್ನು ಕೇಳದವರಿಲ್ಲ. ಮೈಸೂರಿನ ಅರಸರ ಬೆಣ್ಣೆ ಚಾವಡಿಯಿಂದ ಬಂದ ಈ ತಳಿಗೆ ಅಮೃತಮಹಲ್ ಎಂಬ ಹೆಸರನ್ನಿಟ್ಟವನು ಟಿಪ್ಪು ಸುಲ್ತಾನನು. ಅವುಗಳಿಗಾಗಿ ಮೀಸಲಾದ ಕಾವಲುಗಳು ಬರಡು ನೆಲವಲ್ಲ, ಜೀವಜಂತುಗಳ ಮನೆ. ಕಡೂರು ತಾಲ್ಲೂಕಿನ ಬಾಸೂರು ಅಮೃತಮಹಲ್ ಕಾವಲಿನಲ್ಲಿ ಕೃಷ್ಣಮೃಗಗಳು ಹಿಂಡಾಗಿ ಓಡಾಡುವುದನ್ನು ಕಂಡು, ಸುಮಾರು ೭ ಚದರ ಕಿಲೋಮೀಟರು ನೆಲವನ್ನು ೨೦೧೧ರಲ್ಲಿ ಸಂರಕ್ಷಿತ ಪ್ರದೇಶವೆಂದು ಸಾರಿದರು.

ಕಲ್ಲೂ ಬರಹವೂ

ಈಗ ಎರಡನೆಯ, ಮೂರನೆಯ ಪ್ರಶ್ನೆಗಳಿಗೆ ಬರೋಣ. ಇವುಗಳಿಗೆ ಉತ್ತರವು ತರೀಕೆರೆಯಿಂದ ಸುಮಾರು ೧೦ ಕಿಲೋಮೀಟರು ದೂರದ ಅಮೃತಾಪುರದಲ್ಲಿದೆ. ಹೊಯ್ಸಳ ಇಮ್ಮಡಿ ವೀರಬಲ್ಲಾಳನ ದಂಡನಾಯಕನಾದ ಅಮಿತನು ೧೧೯೬ರಲ್ಲಿ ಇಲ್ಲಿ ಅಮೃತೇಶ್ವರ ದೇವಾಲಯವನ್ನು ಕಟ್ಟಿಸಿದನು. ಮಾಚು ಪಿಚುವಿಗಿಂತ ಇದು ಸುಮಾರು ಎರಡೂವರೆ ನೂರು ವರ್ಷ ಹಿರಿಯದು.

ಹೊಯ್ಸಳ ಶಿಲ್ಪಿಗಳು ಆರಿಸಿಕೊಂಡುದು ಬಳಪದ ಕಲ್ಲು. ನೆಲದಿಂದ ತೆಗೆದಾಗ ಅದು ಮೃದುವಾಗಿರುವುದು. ಗಾಳಿಗೆ ಒಡ್ಡಿದಷ್ಟು ಕಾಲವೂ ಗಟ್ಟಿಯಾಗುತ್ತ ಹೋಗುವುದು. ಆದುದರಿಂದಲೇ ಮಣಿಗಳಂತಹ ಸೂಕ್ಷ್ಮ ಕೆತ್ತನೆಯೂ, ತಿರುಗಣೆಗೆ ಕೊಟ್ಟಂತೆ ಹೊಳೆಯುವ ದುಂಡು ಕಂಬಗಳೂ ಸಾಧ್ಯವಾದುವು. ಶಿಖರದ ಮುಂಭಾಗದಲ್ಲಿ ಸಳನು ಸಿಂಹದೊಡನೆ ಹೋರಾಡುವ ಲಾಂಛನವಿದೆ. ತೆರೆದ ಮಂಟಪದ ಹೊರಮೈಯಲ್ಲಿ ೧೪೦ ಚಿತ್ರಫಲಕಗಳಿವೆ. ದಕ್ಷಿಣದ ೭೦ರಲ್ಲಿ ರಾಮಾಯಣ. ಉತ್ತರದ ೨೫ರಲ್ಲಿ ಕೃಷ್ಣನ ಕಥೆ, ೪೫ರಲ್ಲಿ ಮಹಾಭಾರತ. ರಾಮಾಯಣದ ಕಥೆಯು ವಾಡಿಕೆಗೆ ವಿರುದ್ಧವಾಗಿ ಅಪ್ರದಕ್ಷಿಣವಾಗಿ ಸಾಗುವುದು. ನಾವು ಇದನ್ನು ಮಕ್ಕಳಿಗೆ ಮೊದಲೇ ಹೇಳುವುದಿಲ್ಲ. ಫಲಕಗಳನ್ನು ಕ್ರಮವಾಗಿ ಬರೆದುಕೊಳ್ಳಿರೆಂದು ಹೇಳಿ ಕಳುಹಿಸಿದರೆ, ಅರ್ಧ ಗಂಟೆಯೊಳಗೆ ಯಾವಳಾದರೊಬ್ಬಳು ಓಡಿಬಂದು, "ಕಥೆ ಹಿಂದುಮುಂದಾಗಿದೆ" ಎನ್ನುವಳು. ತಾನೇ ಕಂಡುಕೊಂಡ ವಿಷಯವನ್ನು ಅವಳು ಎಂದಿಗೂ ಮರೆಯಳು.

ಇಂಕಾ ಪಟ್ಟಣವನ್ನು ಕಟ್ಟಿದ ಶಿಲ್ಪಿಗಳಲ್ಲಿ ಒಬ್ಬನ ಹೆಸರಾದರೂ ನಮಗೆ ಉಳಿದುಬಂದಿಲ್ಲ. ಅಮೃತಾಪುರದ ಸಂಗತಿಯು ಬೇರೆ. ಇಲ್ಲಿನ ಮಂಟಪದ ಭುವನೇಶ್ವರಿಗಳಲ್ಲಿ ರೂವಾರಿ ಮಲ್ಲಿತಮ್ಮನ ಕೈಕೆಲಸವಿದೆಯೆಂದೂ, ಅದು ಅವನ ಆರಂಭದ ಕೃತಿಯೆಂದೂ ವಿದ್ವಾಂಸರು ಹೇಳುವರು. ಈ ಹೆಸರೇ ಹದಿಮೂರನೆಯ ಶತಮಾನದ ಸೋಮನಾಥಪುರದ ವಿಗ್ರಹಗಳ ಕೆಳಗೂ ಕಾಣುವುದು. ಗುಡಿಯ ಆವರಣದಲ್ಲಿ ನಿಂತಿರುವ ಶಾಸನದ ಪದ್ಯಗಳನ್ನು ರಚಿಸಿದವನು ಕವಿಚಕ್ರವರ್ತಿ ಜನ್ನ. ೧೨೦೯ರಲ್ಲಿ ಯಶೋಧರ ಚರಿತೆಯನ್ನು ಮುಗಿಸಿದ ಆ ಮಹಾಕವಿಯು, ಅದಕ್ಕಿಂತ ಹನ್ನೆರಡು ವರ್ಷ ಮೊದಲು, ೧೧೯೭ರಲ್ಲಿ, ಈ ಶಾಸನವನ್ನು ಬರೆದನು. ಕನ್ನಡದ ದೊಡ್ಡ ಕವಿಯೊಬ್ಬನ ಪದ್ಯವು ನಮ್ಮ ತಾಲ್ಲೂಕಿನ ಹಳ್ಳಿಯಲ್ಲಿ ಬಿಸಿಲು ಮಳೆಗಳಲ್ಲಿ ಎಂಟು ನೂರು ವರ್ಷಗಳಿಂದ ನಿಂತಿರುವುದು. ಬಿ. ಎಲ್. ರೈಸ್ ಅವರು ಅಂದಿನ ಕಡೂರು ಜಿಲ್ಲೆಯ ಶಾಸನಗಳನ್ನೆಲ್ಲ ೧೯೦೧ರಲ್ಲಿ ಒಂದು ಸಂಪುಟವಾಗಿ ಅಚ್ಚುಹಾಕಿಸಿದುದರಿಂದ ಅದು ವಿದ್ವಾಂಸರ ಕೈಗೆ ಬಂದಿತು. ೨೦೨೩ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳ ಗುಡಿಗಳು ವಿಶ್ವಪರಂಪರೆಯ ಪಟ್ಟಿಯನ್ನು ಸೇರಿದುವು. ಅಮೃತಾಪುರವು ಆ ಪಟ್ಟಿಯಲ್ಲಿಲ್ಲ. ಅದನ್ನು ಬಲ್ಲವರೂ ಹೇಳಿಕೊಡುವವರೂ ಈ ಸೀಮೆಯವರಾದ ನಾವೇ ಆಗಬೇಕು.

ಹೆಣ್ಣುಮಕ್ಕಳಿಗೆ ಇದೇಕೆ?

ಇಷ್ಟನ್ನು ಹೇಳಿದುದು ಒಂದು ಬಿನ್ನಹಕ್ಕಾಗಿ. ಪ್ರವಾಸದ ಒಪ್ಪಿಗೆಯ ಪತ್ರವನ್ನು ಮನೆಗೆ ಕಳುಹಿಸಿದಾಗಲೆಲ್ಲ ಕೆಲವು ಪತ್ರಗಳು ಸಹಿಯಿಲ್ಲದೆ ಹಿಂದಿರುಗುವುವು. "ಪರೀಕ್ಷೆ ಹತ್ತಿರವಿದೆ" ಎಂದು ಕೆಲವರು, "ಹೆಣ್ಣುಮಗಳಿಗೆ ಬೆಟ್ಟಗುಡ್ಡವೇತಕ್ಕೆ?" ಎಂದು ಕೆಲವರು. ಅದೇ ಮನೆಯ ಗಂಡುಮಗನು ಬೇರೊಂದು ಶಾಲೆಯಿಂದ ಅದೇ ಬೆಟ್ಟಕ್ಕೆ ಹೋಗಿಬಂದಿರುವನು! ತಂದೆತಾಯಿಗಳ ಭಯವನ್ನು ನಾವು ಹಗುರವಾಗಿ ಎಣಿಸುವವರಲ್ಲ. ಉಪಾಧ್ಯಾಯಿನಿಯರು ಜೊತೆಗಿಲ್ಲದೆ ಒಬ್ಬ ಬಾಲಕಿಯನ್ನೂ ಒಂದು ಹೆಜ್ಜೆ ಮುಂದೆ ಕಳುಹಿಸುವುದಿಲ್ಲ. ಮಳೆಗಾಲದಲ್ಲಿ ಜಲಪಾತಗಳಿಗೆ ಹೋಗುವುದಿಲ್ಲ. ಕಾಡಿನೊಳಗೆ ಅರಣ್ಯ ಇಲಾಖೆಯ ಅಪ್ಪಣೆಯಿಲ್ಲದೆ ಕಾಲಿಡುವುದಿಲ್ಲ. ಕತ್ತಲಾಗುವ ಮುಂಚೆ ಮಕ್ಕಳು ಮನೆಯಲ್ಲಿರುವರು.

ಕಳುಹಿಸದಿದ್ದರೆ ನಷ್ಟವೇನೆಂಬುದನ್ನೂ ವಿಚಾರಿಸಬೇಕಷ್ಟೆ. ಕಡೂರಿನ ಕಡೆಯ ತಾಯಿಯೊಬ್ಬರು ಬಹಳ ಹಿಂಜರಿದು ಮಗಳನ್ನು ನಮ್ಮೊಡನೆ ಕಳುಹಿಸಿದರು. ಮರುವಾರ ಶಾಲೆಗೆ ಬಂದು ಅವರು ಹೇಳಿದ ಮಾತು ಇದು: "ನಲವತ್ತು ವರ್ಷದಿಂದ ನಮ್ಮ ಅಂಗಳದಿಂದ ಆ ಬೆಟ್ಟ ನೋಡ್ತಾ ಇದ್ದೀನಿ. ನಮ್ಮ ಬಾವಿಗೆ ನೀರು ಬರೋದಕ್ಕೂ ಅದಕ್ಕೂ ಸಂಬಂಧ ಇದೆ ಅಂತ ಮಗಳು ಹೇಳಿದ ಮೇಲೆ ಗೊತ್ತಾಯಿತು, ಅಮ್ಮಾವರೇ. ನನ್ನನ್ನೂ ಒಂದು ಸಲ ಕರಕೊಂಡು ಹೋಗ್ತೀರಾ?" ಮನೆಯಲ್ಲಿ ನೀರನ್ನು ಸೇದುವವಳೂ ತುಂಬಿಡುವವಳೂ ಹೆಣ್ಣು. ಆ ನೀರಿನ ಮೂಲವನ್ನು ಅವಳೇ ಅರಿಯಬಾರದೆಂದರೆ ಹೇಗೆ? ಮದುವೆಯಾಗಿ ಬೇರೆ ಊರಿಗೆ ಹೋಗುವವಳು ತವರಿನ ಸೀಮೆಯನ್ನು ತಿಳಿಯದೆಯೇ ಹೋದರೆ, ಅವಳ ಮಕ್ಕಳಿಗೆ ಅದನ್ನು ಹೇಳುವವರು ಯಾರು? ಈ ಬಾಲಕಿಯರಲ್ಲಿಯೇ ನಾಳೆ ಶಾಸನವನ್ನು ಓದುವವಳೂ, ಅಣೆಕಟ್ಟನ್ನು ಕಟ್ಟುವವಳೂ, ಕಾಡನ್ನು ಕಾಯುವವಳೂ ಇರಬಹುದು. ಕಣ್ಣಿನಿಂದ ಕಾಣದುದರಲ್ಲಿ ಆಸೆ ಹುಟ್ಟುವುದು ಕಷ್ಟ.

ಮನೆಯವರೇ ಕರೆದೊಯ್ಯುವುದಾದರೆ ನಮಗೆ ಇನ್ನೂ ಸಂತೋಷ. ರೈಲಿನಲ್ಲಿ ಬರುವವರಿಗೆ ಕಡೂರು, ಬೀರೂರು, ಅಜ್ಜಂಪುರಗಳು ಹುಬ್ಬಳ್ಳಿಯ ಮಾರ್ಗದಲ್ಲಿವೆ. ತರೀಕೆರೆಯು ಬೀರೂರಿನಿಂದ ಶಿವಮೊಗ್ಗೆಗೆ ಹೋಗುವ ಮಾರ್ಗದಲ್ಲಿದೆ. ಒಂದು ದಿನ ಅಮೃತಾಪುರ, ಇನ್ನೊಂದು ದಿನ ಕಲ್ಲತ್ತಿಗಿರಿ ಮತ್ತು ಕೆಮ್ಮಣ್ಣುಗುಂಡಿ, ಮತ್ತೊಂದು ದಿನ ಅಯ್ಯನಕೆರೆ ಎಂದು ಹಂಚಿಕೊಂಡರೆ ಆಯಾಸವಾಗದು. ಬುತ್ತಿಯೊಡನೆ ಒಂದು ನೋಟುಪುಸ್ತಕವನ್ನೂ ಸೀಸದ ಕಡ್ಡಿಯನ್ನೂ ಇಟ್ಟುಕೊಳ್ಳಿರಿ. ನೀರು ಎಲ್ಲಿಂದ ಬಂದು ಎಲ್ಲಿಗೆ ಹೋಗುವುದೆಂದು ಮಗುವು ಒಂದು ನಕ್ಷೆಯನ್ನು ಬರೆಯಲಿ. ಒಂದು ಕಂಬವನ್ನು ಆರಿಸಿ ಅದರ ಚಿತ್ರವನ್ನು ತೆಗೆಯಲಿ. ಶಾಸನದಲ್ಲಿ ತನಗೆ ಗುರುತು ಸಿಕ್ಕುವ ಅಕ್ಷರಗಳೆಷ್ಟೆಂದು ಎಣಿಸಲಿ. ಕಲ್ಲಿನ ಮೇಲೆ ಹೆಸರನ್ನು ಗೀಚದೆ, ಹುಲ್ಲಿನ ಮೇಲೆ ಪ್ಲಾಸ್ಟಿಕ್ಕನ್ನು ಎಸೆಯದೆ ಬರುವುದೂ ಪಾಠದ ಒಂದು ಭಾಗವೇ.

ಹಳೆಯ ವಿದ್ಯಾರ್ಥಿನಿಯರೇ, ನಿಮ್ಮಲ್ಲಿ ಈ ಮೂರು ಊರುಗಳ ಸುತ್ತಮುತ್ತ ನೆಲಸಿರುವವರು ಬಹುಮಂದಿ. ನಮ್ಮ ಮಕ್ಕಳು ನಿಮ್ಮ ಊರಿಗೆ ಬಂದಾಗ ಅವರಿಗೆ ಕುಡಿಯಲು ನೀರನ್ನೂ, ಕೆರೆಯ ಕಥೆಯನ್ನೂ ಕೊಡಿರಿ. ತಂದೆತಾಯಿಗಳೇ, ಮುಂದಿನ ಸಲ ಒಪ್ಪಿಗೆಯ ಪತ್ರವು ಬಂದಾಗ ಅದಕ್ಕೆ ಸಹಿಹಾಕಿ ಕಳುಹಿಸಿರಿ. ಜೊತೆಗೆ ಬರಲು ಅನುಕೂಲವಿರುವ ತಾಯಂದಿರು ತಮ್ಮ ಹೆಸರನ್ನೂ ಅದರ ಕೆಳಗೆ ಬರೆಯಬಹುದು. ಬಸ್ಸಿನಲ್ಲಿ ಸ್ಥಳವಿರುವಂತೆ ನಾವು ನೋಡಿಕೊಳ್ಳುವೆವು.